ಬಿಸಿಲಿನ ದೇಶಕ್ಕೆ ಬಿಳಿ ಗಾಜು

ಹತ್ತಿಯ ಎಳೆಯೊಂದು ಕಿಟಕಿಯಿಂದ ತೇಲಿ ಬಂದು ಮುಂದಿನ ಸೀಟಿನ ಮುದುಕನ ರುಮಾಲಿನ ಮೇಲೆ ಕೂತಿತು, ಬಸ್ಸು ಗಾಂಧಿ ಸರ್ಕಲ್ ದಾಟಿ ಹರಿಹರದ ರಸ್ತೆಗೆ ತಿರುಗಿದರೂ ಹಾರಲಿಲ್ಲ, ಇಷ್ಟು ಗಾಳಿಗೂ ಹಾರದ್ದು ಗಿಡ್ಡ ಎಳೆಯ ಹತ್ತಿಯೇ ಇರಬೇಕು, ಸಾವ್ಕಾರರು ಈಗಷ್ಟೇ ಹೇಳಿದರಲ್ಲ, ಉದ್ದ ಎಳೇದು ಬೊಂಬಾಯಿ ಮಿಲ್ಲಿಗೆ, ಗಿಡ್ಡ ಎಳೇದು ಹಾಸಿಗಿಗೆ, ಎರಡೂ ಹತ್ತೀನ ಅಲ್ಲೇನೋ ರೌಫ್, ಹಾಸಿಗಿ ಹತ್ತಿ ಮಾರೋನ್ನ ಯಾರಾರ ಕಳ್ಳ ಅಂತಾರೇನು — ಅಲ್ರಿ ಸಾವ್ಕಾರ್ರೆ, ಹಾಸಿಗೆ ಹತ್ತಿಯಿಂದ ಯಾರೂ ಸಾಯಲ್ಲ ಎನ್ನಬೇಕಿತ್ತು, ಎನ್ನಲಿಲ್ಲ, ಉತ್ತರವೆಲ್ಲ ಬಸ್ಸು ಹತ್ತಿದ ಮೇಲೇ ಹೊಳೆಯುವುದು, ರೌಫನ ಹಣೆಬರಹವೇ ಹಾಗೆ, ಕರಿಬಸವರಾಜ ಸಾವ್ಕಾರರ ಸೂಜಿಮದ್ದಿನ ಕಾರ್ಖಾನೆಗೆ ಕೆಮಿಸ್ಟ್ ಆಗಿ ಸೇರಿದ ದಿನದಿಂದಲೂ ಹಾಗೆ. ಕಾರ್ಖಾನೆ ಹರಿಹರದಲ್ಲಿ, ಹೊಳೆಯ ಕಡೆ, ಸಾವ್ಕಾರರ ಗಾದಿ ಮಾತ್ರ ದಾವಣಗೆರೆಯ ಮಂಡಿಪೇಟೆಯಲ್ಲಿ, ಅಪ್ಪನ ಕಾಲದ ಹತ್ತಿ ಅಂಗಡಿಯ ಮಾಳಿಗೆಯ ಮೇಲೆ, ಏನೇ ಮುಖ್ಯ ಮಾತಿದ್ದರೂ ಈ ಕೆಂಪು ಬಸ್ಸು ಹತ್ತಿ ಹೋಗಬೇಕು, ಬರಬೇಕು, ಹೋಗುವಾಗ ಎದೆ ತುಂಬ ಮಾತು, ಬರುವಾಗ ಒಂದು ಹುಕುಂ. ಇವತ್ತಿನ ಹುಕುಂ — ಗೋದಾಮಿನಾಗಿರೋ ಇಂಗ್ಲೆಂಡಿನ ಕಂದು ಗಾಜು ಇವತ್ತೇ ಕುಟ್ಟಿ ಪುಡಿ ಮಾಡಿಸು, ನೀನೇ ಮುಂದೆ ನಿಂತು ಮಾಡಿಸು. ನೀನೇ! ಬೇರೆ ಯಾರಿಗಾದರೂ ಹೇಳಬಹುದಿತ್ತು, ಸ್ಟೋರ್‌ಕೀಪರ್ ಇದ್ದಾನೆ, ಮ್ಯಾನೇಜರ್ ಇದ್ದಾನೆ, ಇಲ್ಲ, ಆ ಗಾಜನ್ನು ಉಳಿಸಿಕೊಡ್ರಿ ಎಂದು ಕೇಳಲು ಹೋದವನ ಕೈಯಿಂದಲೇ ಅದನ್ನು ಕುಟ್ಟಿಸಬೇಕು, ಸಿಟ್ಟಿನಿಂದ ಹೇಳಿದ್ದರೂ ಸಹಿಸಬಹುದಿತ್ತು, ಸಾವ್ಕಾರರು ಸಿಟ್ಟೇ ಮಾಡಲಿಲ್ಲ, ಚಹಾ ತರಿಸಿದರು, ಬಿಸ್ಕತ್ತು ತರಿಸಿದರು, ಪುಡಿ ಮಾಡಿದ್ದಕ್ಕೆ ಕೆಮಿಸ್ಟ್ ಸಹಿ ಇದ್ರ ಇಂಗ್ಲೆಂಡಿನವ್ರು ನಂಬ್ತಾರ ಕಣೋ ಅಂದರು.

ಟಿಕೆಟ್ ಟಿಕೆಟ್, ಹರಿಹರ ಒಂದು, ಕಂಡಕ್ಟರ್ ಕಿವಿಯ ಮೇಲಿನ ಪೆನ್ಸಿಲು ತೆಗೆದು ಗೀಚಿ ಹರಿದುಕೊಟ್ಟ, ಬಸ್ಸಿನ ತಗಡು ಕಾದು ಮೊಣಕೈ ಇಟ್ಟಲ್ಲಿ ಚುರ್ ಎನ್ನುತ್ತದೆ, ಎಂಬತ್ತನಾಲ್ಕರ ಬೇಸಿಗೆ ಯುಗಾದಿಗೆ ಮೊದಲೇ ಶುರುವಾಗಿತ್ತು, ಇಲ್ಲೇ ಹೀಗಾದರೆ ಸುಡಾನಿನಲ್ಲಿ ಹೇಗೆ, ಅಲ್ಲಿಂದ ಬಂದಿದ್ದ ಇದ್ರೀಸ್ ಸಾಹೇಬರು ಹೇಳಿದ ಆ ತೆರೆದ ಲಾರಿಯಲ್ಲಿ ಹೇಗೆ. ಬೆರಳಿನ ಗೆಣ್ಣಿನಷ್ಟು ಗಾಜಿನ ಆಂಪೂಲು, ಅದರೊಳಗೆ ನೀರಿನಂಥ ನಾಲ್ಕು ಹನಿ ಔಷಧ, ಹೆರಿಗೆಯಾದ ಮೇಲೆ ನಿಲ್ಲದೆ ಹರಿಯುವ ರಕ್ತವನ್ನು ನಿಲ್ಲಿಸುವ ಮದ್ದು, ಅದಕ್ಕೆ ವೈರಿಗಳು ಇಬ್ಬರೇ, ಬೆಳಕು ಮತ್ತು ಸೆಕೆ, ಬೆಳಕಿಗೆ ಕಂದು ಗಾಜು ಅಡ್ಡ ನಿಲ್ಲುತ್ತದೆ, ಬಿಳಿ ಗಾಜು ನಿಲ್ಲುವುದಿಲ್ಲ, ಇಷ್ಟೇ ವಿದ್ಯೆ, ಇದಕ್ಕೆ ಕಾಲೇಜು ಬೇಕಿಲ್ಲ. ಈಗ ನೋಡು, ಬಿಸಿಲು ಬಂದರೆ ಹಬ್ಬ ಮಾಡುವ ಇಂಗ್ಲೆಂಡಿಗೆ ಕಂದು ಗಾಜು, ಕಲ್ಲು ಸಿಡಿಯುವಂಥ ಬಿಸಿಲಿನ ಸುಡಾನಿಗೆ ಬಿಳಿ ಗಾಜು, ನೆರಳಲ್ಲಿ ಕೂತವನಿಗೆ ಕೊಡೆ, ಬಿಸಿಲಲ್ಲಿ ನಡೆಯುವವನಿಗೆ ಬರೀ ತಲೆ. ಔಷಧದ ಪುಡಿ ಒಂದೇ ಡಬ್ಬಿಯದು, ಕೈಗಳೂ ಅವೇ, ಬೆಳಗ್ಗೆ ಹೊಸ ಹಾಲ್‌ನಲ್ಲಿ ಟೋಪಿ, ಮುಖಕ್ಕೆ ಬಟ್ಟೆ, ತಣ್ಣನೆ ಯಂತ್ರದ ಗಾಳಿಯಲ್ಲಿ ಇಂಗ್ಲೆಂಡಿನ ಆಂಪೂಲುಗಳನ್ನು ಬಲ್ಬಿನ ಮುಂದೆ ಹಿಡಿದು ಕಸ ಹುಡುಕುವ ಕರಿಯವ್ವ ಮಧ್ಯಾಹ್ನದ ಮೇಲೆ ಹಳೇ ತಗಡಿನ ಶೆಡ್ಡಿನಲ್ಲಿ ಸೆರಗು ಸಿಕ್ಕಿಸಿಕೊಂಡು ಉಳಿದ ದೇಶಗಳ ಆಂಪೂಲು ನೋಡುತ್ತಾಳೆ, ಬೆವರು ಹುಬ್ಬಿನಿಂದ ಇಳಿಯುತ್ತದೆ. ಆ ಇಂಗ್ಲೆಂಡಿನ ಇನ್‌ಸ್ಪೆಕ್ಟರ್ ಬಂದಾಗ ಗೋಡೆಯ ಹಲ್ಲಿ ಓಡಿಸಲೆಂದೇ ಸಾವ್ಕಾರರು ಇಬ್ಬರನ್ನು ಕೋಲು ಕೊಟ್ಟು ನಿಲ್ಲಿಸಿದ್ದರು, ಅವನು ಕಿಟಕಿಯ ಸಂದಿಗೆ ಬಿಳಿ ಕರ್ಚೀಫು ಒರೆಸಿ ನೋಡಿದ, ಕರಿಯವ್ವನ ಉಗುರು ನೋಡಿದ, ಚರಂಡಿಗೆ ಬಗ್ಗಿ ಮೂಸಿದ, ರೌಫನಿಗೆ ಖುಷಿಯೇ ಆಗಿತ್ತು, ಹೀಗಿರಬೇಕು ಕೆಲಸ ಎನಿಸಿತ್ತು, ಅದೇ ಹುಮ್ಮಸ್ಸಿನಲ್ಲಿ ಬನ್ನಿ, ಹಳೇ ಶೆಡ್ಡನ್ನೂ ಒಂದು ಸಲ ನೋಡಿ ಎಂದುಬಿಟ್ಟ, ಇವನು ನೋಡಿ ಬೈದರಾದರೂ ಸಾವ್ಕಾರರು ಸರಿ ಮಾಡಿಸಿಯಾರು ಎಂಬ ಆಸೆ, ಇನ್‌ಸ್ಪೆಕ್ಟರ್ ಶೆಡ್ಡಿನ ಬಾಗಿಲವರೆಗೂ ಬರಲಿಲ್ಲ, ಅದರಲ್ಲಿ ಆಗುವುದು ನಮ್ಮ ಮಾಲಲ್ಲವಲ್ಲ ಎಂದ, ನಗುತ್ತಲೇ ಎಂದ, ಕಾರು ಹತ್ತಿದ. ನಮ್ಮ ಮಾಲಲ್ಲ. ಅವನದು ತಪ್ಪೇ? ಅವನ ಊರಿನವರು ಅವನನ್ನು ಕಳಿಸಿದ್ದು ಅವನ ಊರಿಗೆ ಬರುವುದನ್ನು ನೋಡಲು. ಪ್ರತಿಯೊಬ್ಬನಿಗೂ ಒಂದು ನ್ಯಾಯವಾದ ಕಾರಣ, ಹಿಡಿದು ಜಗಳವಾಡೋಣವೆಂದರೆ ಒಬ್ಬ ಕೆಟ್ಟವನೂ ಸಿಗುವುದಿಲ್ಲ, ಇದೆಂಥ ಕರ್ಮ.

ದೊಡ್ಡಬಾತಿಯಲ್ಲಿ ಬಸ್ಸು ನಿಂತಿತು, ಮೊಸರಿನ ಗಡಿಗೆ ಹೊತ್ತ ಹೆಂಗಸೊಬ್ಬಳು ಹತ್ತಿ ಗಡಿಗೆಯನ್ನು ಕಾಲ ಬಳಿ ನೆರಳಿಗೆ ಸರಿಸಿಕೊಂಡಳು, ಮೇಲೆ ಒದ್ದೆ ಬಟ್ಟೆ, ಹುಳಿಯಾದೀತೆಂಬ ಭಯ, ಮೊಸರಿಗೆ ಇರುವ ಮರ್ಯಾದೆ — ಇದ್ರೀಸ್ ಸಾಹೇಬರು ರೌಫನ ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ ದಿಲ್ಷಾದ್ ಇಟ್ಟಿದ್ದೂ ಹೀಗೇ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯ ಮೊಸರು, ಶಿವರಾತ್ರಿ ಕಳೆದ ವಾರ ಅದು. ಸಾವ್ಕಾರರೇ ಕರೆದು ಹೇಳಿದ್ದರು, ರೌಫ್, ಸುಡಾನಿನಿಂದ ಒಬ್ಬರು ಬರಾಕತ್ತ್ಯಾರ, ಅಲ್ಲೀ ಸರಕಾರದ ಔಷಧದ ಉಗ್ರಾಣ ನೋಡ್ಕಳ್ಳೋರು, ಮಾಂಸ ತಿನ್ನೋ ಮಂದಿ, ನಮ್ಮ ಮನಿಯಾಗ ಆಗಂಗಿಲ್ಲ, ನಿಮ್ಮ ಪೈಕಿನ ಅಲ್ಲೇನು, ನಿಮ್ಮನ್ಯಾಗ ಊಟಕ್ಕ ಹಾಕು. ಆಳೆತ್ತರದ ಮನುಷ್ಯ, ಬಾಗಿಲಲ್ಲಿ ಬಗ್ಗಿ ಒಳಗೆ ಬಂದು ಸಲಾಂ ಹೇಳಿದ ದನಿಗೆ ಪರದೆಯ ಹಿಂದಿದ್ದ ದಿಲ್ಷಾದಳೂ ತಡೆಯಲಾರದೆ ವಾಲೈಕುಮ್ ಅಂದುಬಿಟ್ಟಳು, ಬೆಳಗ್ಗೆ ಹೊಸ ಹಾಲ್ ತೋರಿಸಿ ಕರೆತಂದಿದ್ದರು ಅವರನ್ನು, ಶೆಡ್ಡಿನ ಮುಂದೆ ಕಾರು ನಿಲ್ಲಿಸಿರಲಿಲ್ಲ. ಕುರಿಮಾಂಸ, ಅನ್ನ, ಬದನೆಕಾಯಿ, ಅವರು ಮನೆಯವರ ಹಾಗೆ ಉಂಡರು, ಬೆರಳು ಚೀಪಿದರು, ಆಮೇಲೆ ಗೋಡೆಗೆ ಒರಗಿ ಇಂಗ್ಲಿಷಿನಲ್ಲಿ ಕೇಳಿದರು, ತಮ್ಮಾ, ನಮ್ಮದು ಆ ತಗಡಿನ ಶೆಡ್ಡಿನಲ್ಲಿ ಆಗುತ್ತದೆ, ಅಲ್ಲವೇ? ಮನೆಯ ಉಪ್ಪು ತಿಂದ ಅತಿಥಿ, ತಮ್ಮಾ ಎಂದು ಕರೆದವನು, ಸುಳ್ಳು ಹೇಗೆ ಹೇಳುವುದು, ಹೌದು ಎಂದ, ನೌಕರಿ ಹೋದರೆ ಹೋಗಲಿ ಎಂದುಕೊಂಡು ಹೌದು ಎಂದ, ಗಾಜಿನ ಮಾತೂ ಹೇಳಿದ, ಬಿಳಿ ಗಾಜಿನಲ್ಲಿ ನಿಮ್ಮ ಬಿಸಿಲಿಗೆ ಇದು ಉಳಿಯುವುದಿಲ್ಲ ಸಾಹೇಬರೇ, ಕಂದು ಗಾಜು ಕೇಳಿ, ನೀವು ಕೇಳಿದರೆ ಇವರು ಕೊಡಲೇಬೇಕು. ಎಷ್ಟು ದಿನದಿಂದ ಎದೆಯಲ್ಲಿದ್ದ ಮಾತು, ಹೇಳಿ ಹಗುರಾದ, ಈಗ ಇವರು ಎದ್ದು ಕೂರುತ್ತಾರೆ, ಸಾವ್ಕಾರರ ಮೇಲೆ ಕೂಗಾಡುತ್ತಾರೆ ಎಂದು ಕಾದ. ಇದ್ರೀಸ್ ಸಾಹೇಬರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು ಗೊತ್ತು ಅಂದರು. ಗೊತ್ತು! ನಾನೂ ನಿನ್ನ ಹಾಗೆ ಓದಿದವನೇ ತಮ್ಮಾ, ನನಗೆ ಕೊಟ್ಟಿರುವ ದುಡ್ಡಿಗೆ ಬಿಳಿ ಗಾಜಾದರೆ ನನ್ನ ಸೀಮೆಗೆಲ್ಲ ಆಗುತ್ತದೆ, ಕಂದು ಗಾಜು, ತಣ್ಣನೆ ಪೆಟ್ಟಿಗೆ ಎಂದರೆ ಅರ್ಧಕ್ಕೆ ಮಾತ್ರ, ಯಾವ ಅರ್ಧವನ್ನು ಬಿಡಲಿ, ನೀನೇ ಹೇಳು. ಬಂದರಿನಿಂದ ತೆರೆದ ಲಾರಿ, ಮೇಲೆ ತಾಡಪಾಲೂ ಇಲ್ಲ, ಆಮೇಲೆ ತಗಡಿನ ಆಸ್ಪತ್ರೆ, ಅದಕ್ಕೇ ನಮ್ಮ ನರ್ಸುಗಳು ಒಂದರ ಬದಲು ಎರಡು ಸೂಜಿ ಕೊಡುತ್ತಾರೆ, ಒಂದು ಸೋತರೆ ಇನ್ನೊಂದು ಗೆಲ್ಲಲಿ ಎಂದು. ಎರಡೂ ಸೋತರೆ ಎಂದು ಇವನು ಕೇಳಿದ. ಅವರು ಎದ್ದು ಹೋಗಿ ಕೈ ತೊಳೆದರು, ಬಹಳ ಹೊತ್ತು ತೊಳೆದರು.

ಕೊಂಡಜ್ಜಿ ಕಡೆ ಹೋಗೋರು ಇಳ್ಕಳ್ರಿ, ಇಳ್ಕಳ್ರಿ ಬೇಗ — ಯಾರೋ ಕಾಲು ತುಳಿದು ಇಳಿದರು, ತುಳಿಯಲಿ, ದಿಲ್ಷಾದಳಿಗೆ ಇಂಗ್ಲಿಷು ತಿಳಿಯದು, ಅಂದು ಅತಿಥಿ ಹೋದ ಮೇಲೆ ಪಾತ್ರೆ ತೆಗೆಯುತ್ತ ಕೇಳಿದಳು, ಏನ್ರೀ ಅಷ್ಟು ಮಾತಾಡಿದ್ರಿ, ಮಾರಿ ಯಾಕ ಹಂಗಾಗೈತೆ? ಹೇಳಬಾರದಿತ್ತು, ಹೇಳಿದ. ಅವಳು ಬೋಗುಣಿ ಹಿಡಿದು ನಿಂತಲ್ಲೇ ನಿಂತಳು, ನಂಗ ಕೊಟ್ಟಿದ್ದು ಯಾವ ಗಾಜಿಂದು? ಅವನಿಗೆ ಚೆನ್ನಾಗಿ ನೆನಪಿದೆ, ಎರಡನೆಯ ಹೆರಿಗೆ, ಮಗು ಅತ್ತಿತು, ಎಲ್ಲ ಸಲೀಸಾಯಿತು ಎನ್ನುವಷ್ಟರಲ್ಲಿ ಅವಳ ಮುಖ ಸುಣ್ಣದ ಗೋಡೆಯಾಯಿತು, ಸೂಲಗಿತ್ತಿ ಖತೀಜಾಬೀ ಹೊರಗೆ ಬಂದು ನಿಲ್ತಿಲ್ಲ ಬೇಟಾ ಎಂದಳು, ಜಟಕಾದಲ್ಲಿ ಮಲಗಿಸಿ ಆಸ್ಪತ್ರೆಗೆ, ಚಕ್ರದ ಹಿಂದೆ ರಸ್ತೆಯಲ್ಲಿ ಹನಿ, ಡಾಕ್ಟರಮ್ಮ ಒಂದು ಪುಟ್ಟ ಕಂದು ಆಂಪೂಲಿನ ಕತ್ತು ಟಕ್ ಎಂದು ಮುರಿದರು, ಸೂಜಿಗೆ ಎಳೆದರು, ತೋಳಿಗೆ ಚುಚ್ಚಿದರು, ಅಷ್ಟೇ, ತೆರೆದ ನಲ್ಲಿಯನ್ನು ಯಾರೋ ತಿರುಗಿಸಿದ ಹಾಗೆ ನಿಂತಿತು, ವರ್ಷಗಟ್ಟಲೆ ಅದೇ ಮದ್ದನ್ನು ತುಂಬಿಸಿದ್ದ ರೌಫನಿಗೆ ತಾನು ಮಾಡುವುದು ಏನೆಂದು ಅವತ್ತೇ ತಿಳಿದದ್ದು. ಕಂದು ಗಾಜು ಎಂದ. ದಿಲ್ಷಾದ್ ಅವನನ್ನೇ ನೋಡುತ್ತ, ಮತ್ತೆ? ಎಂದಳು. ಬೈದಿದ್ದರೆ ಬೈದು ಮುಗಿಯುತ್ತಿತ್ತು, ಮತ್ತೆ? ಎಂಬುದಕ್ಕೆ ಕೊನೆಯೇ ಇಲ್ಲ, ನಿಂಗ ಸಿಕ್ಕಿದ್ದು ಬ್ಯಾರೆ ಕಂಪನೀದು, ನಮ್ಮಿಂದ ನಮ್ಮ ದೇಶಕ್ಕೂ ಬಿಳಿ ಗಾಜೇ ಹೋಗೋದು, ಇಲ್ಲಿ ಬೇಗ ಖರ್ಚಾಗತೈತೆ, ಆಸ್ಪತ್ರ್ಯಾಗ ಫ್ರಿಜ್ಜು ಐತೆ ಎಂದೆಲ್ಲ ತೊದಲಿದ, ಮತ್ತೆ ಅವ್ರಿಗೆ? ಒಂದು ವಾರ ಅವಳು ಅವನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಅತಿಥಿ ರೈಲು ಹತ್ತುವ ದಿನ ಮಾತ್ರ ಬಾಯಿಬಿಟ್ಟಳು, ಹೋಗಿ ಅವ್ರಿಗೆ ಹೇಳ್ರಿ, ಮಣ್ಣಿನ ಗಡಿಗಿ ಒದ್ದಿ ಮರಳಾಗ ಹೂತು ಅದರಾಗ ಇಟ್ರ ತಣ್ಣಗಿರತಾವ, ನಮ್ಮ ಮೊಸರು ಇರಾಂಗಿಲ್ಲೇನು. ರೌಫನಿಗೂ ಇದು ಹೌದೆನಿಸಿ ಹರಿಹರದ ಸ್ಟೇಶನ್ನಿಗೆ ಓಡಿದ, ಕಿಟಕಿಯಲ್ಲಿ ಇದ್ರೀಸ್ ಸಾಹೇಬರು ಎಲ್ಲ ಕೇಳಿ ಅವನ ಕೈ ಹಿಡಿದುಕೊಂಡರು, ನಿನ್ನ ಹೆಂಡತಿಗೆ ನನ್ನ ಸಲಾಂ ಹೇಳು, ಮರಳಿಗೆ ನಮ್ಮಲ್ಲಿ ಬರವಿಲ್ಲ ತಮ್ಮಾ, ಅದನ್ನು ಒದ್ದೆ ಮಾಡುವ ನೀರಿಗೆ ಹೆಂಗಸರು ಅರ್ಧ ದಿನ ನಡೆಯುತ್ತಾರೆ. ರೈಲು ಹೋಯಿತು. ಅವತ್ತೇ ಅವನು ಹಟ ಹಿಡಿದದ್ದು, ಕಾರ್ಖಾನೆಯ ಮಾಳಿಗೆಯ ಮೇಲೆ ಒಂದು ಸಾಲು ಬಿಳಿ ಆಂಪೂಲು, ಒಂದು ಸಾಲು ಕಂದು, ಎರಡರಲ್ಲೂ ಒಂದೇ ಮದ್ದು, ಬಿಸಿಲಿಗೆ ಇಟ್ಟ, ದಿನವೂ ಊಟದ ಹೊತ್ತಿಗೆ ಹತ್ತಿ ನೋಡುವನು, ಯುಗಾದಿ ಬರುವಷ್ಟರಲ್ಲಿ ಬಿಳಿ ಗಾಜಿನೊಳಗಿನ ನೀರು ಗಂಜಳದ ಬಣ್ಣಕ್ಕೆ ತಿರುಗಿತ್ತು, ಪರೀಕ್ಷೆ ಮಾಡಿದರೆ ಸತ್ವ ಅರ್ಧಕ್ಕಿಂತ ಎಷ್ಟೋ ಕೆಳಗೆ, ಕಂದು ಗಾಜಿನದ್ದೂ ಸೆಕೆಗೆ ಸ್ವಲ್ಪ ಸೋತಿತ್ತು, ಆದರೆ ಇನ್ನೂ ಮದ್ದಾಗಿತ್ತು, ಒಬ್ಬ ಹೆಂಗಸನ್ನು ಉಳಿಸುವಷ್ಟು ಮದ್ದಾಗಿತ್ತು.

ಮತ್ತೆ ಆ ಗೋದಾಮು, ಅದು ಹೊಳೆದಾಗ ಅವನು ಚಿಕ್ಕ ಹುಡುಗನ ಹಾಗೆ ಓಡಿದ್ದ, ಇಂಗ್ಲೆಂಡಿನವರು ತಮ್ಮ ಮಾಲಿಗೆಂದು ತಾವೇ ಹಡಗಿನಲ್ಲಿ ಕಳಿಸಿದ್ದ ಖಾಲಿ ಕಂದು ಆಂಪೂಲುಗಳು, ಆಮೇಲೆ ಅವರು ಆರ್ಡರ್ ಅರ್ಧಕ್ಕೆ ಇಳಿಸಿದ್ದರಿಂದ ಉಳಿದುಬಿಟ್ಟಿದ್ದವು, ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಜಂತಿಯವರೆಗೆ, ಸುಡಾನಿನ ಪೂರಾ ಆರ್ಡರಿಗಲ್ಲದಿದ್ದರೂ ಬಹುಪಾಲಿಗೆ ಸಾಕು, ಖರ್ಚೇ ಇಲ್ಲ, ಯಾವ ಅರ್ಧವನ್ನೂ ಬಿಡಬೇಕಿಲ್ಲ ಸಾಹೇಬರೇ! ಒಂದೇ ತೊಡಕು, ಪ್ರತಿಯೊಂದರ ಮೇಲೂ ಆ ಕಂಪನಿಯ ಹೆಸರು ಬಿಳಿ ಅಕ್ಷರದಲ್ಲಿ ಸುಟ್ಟು ಕೂರಿಸಿದ್ದರು, ರೌಫ್ ಉಪ್ಪುಕಾಗದದಲ್ಲಿ ಉಜ್ಜಿದ, ಆಸಿಡ್ಡಿಗೆ ಅದ್ದಿದ, ಹೋಗಲಿಲ್ಲ, ಹೋಗದಿದ್ದರೇನು, ಮೇಲೆ ಚೀಟಿ ಅಂಟಿಸಿದರಾಯಿತು, ಇವತ್ತು ಬೆಳಗ್ಗೆ ಹಳದಿಗಟ್ಟಿದ ಒಂದು ಆಂಪೂಲು, ಚೀಟಿ ಅಂಟಿಸಿದ ಕಂದು ಆಂಪೂಲು ಒಂದು, ಎರಡನ್ನೂ ಜೇಬಿಗೆ ಹಾಕಿಕೊಂಡು ಮಂಡಿಪೇಟೆಯ ಮಾಳಿಗೆ ಹತ್ತಿದ. ಸಾವ್ಕಾರರು ಹಣೆಯ ವಿಭೂತಿ ಬೆವರಿಗೆ ಕರಗದಂತೆ ಫ್ಯಾನಿನ ಕೆಳಗೆ ಕೂತಿದ್ದರು, ಹಳದಿ ಆಂಪೂಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು, ನೀನು ಹೇಳೋದು ಸುಳ್ಳಲ್ಲೋ ರೌಫ್ ಅಂದರು, ಆಗ ಅವನಿಗೆ ಎಷ್ಟು ಆಸೆ ಹುಟ್ಟಿತು, ಆ ಆಸೆ ನೆನೆದರೆ ಈಗ ನಾಚಿಕೆ, ಆಮೇಲೆ ಅವರು ಕಂದು ಆಂಪೂಲಿನ ಚೀಟಿಯನ್ನು ಉಗುರಿನಿಂದ ಎಬ್ಬಿಸಿದರು, ಕೆಳಗೆ ಆ ಹೆಸರು, ಇದು ಅವ್ರ ಹೆಸರು, ಅವ್ರ ಗಾಜು, ಉಳಿದಿದ್ದನ್ನ ಪುಡಿ ಮಾಡ್ಬೇಕು, ಬ್ಯಾರೆದಕ್ಕ ಹಚ್ಚಬಾರದು ಅಂತ ಮಾತು ಕೊಟ್ಟೀನಿ, ಯಾವ್ದಾರ ಒಂದು ಆಂಪೂಲು ಆಫ್ರಿಕಾದಾಗ ಸಿಕ್ಕು ಅವ್ರ ಕೈಗೆ ಹೋತು ಅಂದ್ರ ನಮ್ಮ ಬಾಗಿಲು ಮುಚ್ಚಿದಂಗ, ಆ ಹೊಸ ಹಾಲ್ ಕಟ್ಟಿದ ಸಾಲ ಹೋಗ್ಲಿ, ಕರಿಯವ್ವ ಮಾರೆಮ್ಮ ಎಲ್ಲಾರೂ ಎಲ್ಲಿಗೆ ಹೋಗ್ಬೇಕೋ? ಹೋಗ್ಲಿ ಸಾವ್ಕಾರ್ರೆ, ಇಂಗ್ಲೆಂಡಿನವ್ರನ್ನೇ ಕೇಳ್ರಿ ಎಂದ ಇವನು, ಕೇಳೀನಿ, ನೀನು ಮೊನ್ನೆ ಫೋನಿನಾಗ ಅಂದ ಕೂಡ್ಲೆ ಬೊಂಬಾಯಿ ಏಜೆಂಟನ ಕಡಿಂದ ಕೇಳ್ಸೀನಿ, ಆ ಮದ್ದಿಗೆ ಏನಾರ ಆದ್ರ ಹೆಸರು ತಮ್ಮದು ಬರತೈತೆ ಅಂತಾರ, ಅವ್ರು ಅನ್ನೋದೂ ಬರೋಬ್ಬರಿ ಐತಲ್ಲ. ಬರೋಬ್ಬರಿ! ಎಲ್ಲರದೂ ಬರೋಬ್ಬರಿ. ಹಂಗಾದ್ರ ಬಿಳಿ ಗಾಜಿನ ಡಬ್ಬಿಗಾದ್ರೂ ಒಳಗೆ ಕರಿ ಕಾಗದ ಸುತ್ತೋಣ್ರಿ, ಬೆಳಕಾದ್ರೂ ತಡೀತೈತೆ, ಕಾಗದದ ಖರ್ಚು ನನ್ನ ಸಂಬಳದಾಗ ಹಿಡ್ಕಳ್ರಿ. ಹುಚ್ಚಪ್ಪ ಎಂದು ಸಾವ್ಕಾರರು ನಕ್ಕು ಅವನ ಎದುರಿಗೇ ಬೊಂಬಾಯಿಗೆ ಟ್ರಂಕ್ ಕಾಲ್ ಹಾಕಿಸಿದರು, ಕಾದರು, ಚಹಾ ಬಂತು, ಬಿಸ್ಕತ್ತು ಬಂತು, ಫೋನು ಬಂತು, ಏಜೆಂಟ್ ಏನೋ ಹೇಳಿದ, ಸಾವ್ಕಾರರು ಹ್ಞೂಂ ಹ್ಞೂಂ ಎಂದು ಇಟ್ಟರು, ಸುಡಾನಿನ ಸರಕಾರ ಒಪ್ಪಿದ ಮಾದರಿ ಡಬ್ಬಿಯಾಗ ಕರಿ ಕಾಗದ ಇಲ್ಲಂತೆ, ಮಾದರಿಗೂ ಮಾಲಿಗೂ ಕೂದಲೆಳೆ ವ್ಯತ್ಯಾಸ ಬಂದ್ರ ಬಂದರಿನಾಗ ತಡೀತಾರಂತೆ, ಹೊಸ ಮಾದರಿ ಕಳ್ಸಿ ಒಪ್ಪಿಸಾಕ ಮಳೆಗಾಲ ದಾಟತೈತೆ, ಅಲ್ಲೀ ತಂಕ ಅವ್ರ ಉಗ್ರಾಣ ಖಾಲಿ, ಬ್ಯಾಡ ಅನ್ನು, ಮಾಲು ಈಗ್ಲೇ ನಿಲ್ಲಿಸ್ತೀನಿ. ಫೋನಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದರು, ಹೇಳು ರೌಫ್, ಸೋತ ಮದ್ದು ಹೋಗ್ಲೋ, ಮದ್ದೇ ಹೋಗೋದು ಬ್ಯಾಡೋ? ಇದ್ರೀಸ್ ಸಾಹೇಬರೂ ಹೀಗೇ ಕೇಳಿದ್ದರು, ಯಾವ ಅರ್ಧ ಎಂದು, ಎಲ್ಲರೂ ಕೊನೆಗೆ ಅವನನ್ನೇ ಕೇಳುತ್ತಾರೆ, ಅವನ ಹತ್ತಿರ ಉತ್ತರ ಇದ್ದಂತೆ, ಅವನು ನೆಲ ನೋಡುತ್ತ ಹೋಗ್ಲಿ ಅಂದ. ಅಂದೇಬಿಟ್ಟ. ಹಾಗೆ ಅನ್ನಿಸಲೆಂದೇ ಚಹಾ, ಅದಕ್ಕೇ ಬಿಸ್ಕತ್ತು, ಅಂದ ಮೇಲೆ ಈ ಹುಕುಂ.

ಹರಿಹರ, ಹರಿಹರ, ಕಡೇ ಸ್ಟಾಪು — ಇಳಿದ, ಕಾಲು ತಾನಾಗಿ ಹೊಳೆಯ ಕಡೆ ನಡೆಯಿತು, ರಾಜೀನಾಮೆ ಬರೆದು ಎಸೆದುಬಿಟ್ಟರೆ ಎಂದು ಒಂದು ಗಳಿಗೆ ಎನಿಸಿತು, ಎಸೆದರೆ ನಾಳೆ ಇನ್ನೊಬ್ಬ ಬರುತ್ತಾನೆ, ಬಂದವನು ಮಾಳಿಗೆಯ ಮೇಲೆ ಆಂಪೂಲು ಇಟ್ಟು ನೋಡುವವನೂ ಆಗಿರುವುದಿಲ್ಲ, ಆದರೆ ನೋಡಿ ಏನು ಮಾಡಿದ ಇವನಾದರೂ, ನೋಡಿದವನಿಗೂ ನೋಡದವನಿಗೂ ಆ ತೆರೆದ ಲಾರಿಯಲ್ಲಿ ಏನು ಭೇದ, ಮನೆಗೆ ಹೋಗಿ ದಿಲ್ಷಾದಳಿಗೆ ಏನು ಹೇಳುವುದು, ಎಲ್ಲರೂ ಹೇಳಿದ್ದು ಬರೋಬ್ಬರಿ ಐತೆ ಎಂದರೆ ಅವಳು ಕೇಳುವುದು ಒಂದೇ ಮಾತು. ಗೇಟಿನ ವಾಚ್‌ಮನ್ ಸಲಾಂ ಹೊಡೆದ. ಶೆಡ್ಡಿನೊಳಗೆ ತುಂಬುವ ಯಂತ್ರ ಆಗಲೇ ಗರ್ ಎನ್ನುತ್ತಿದೆ, ಸುಡಾನಿನ ಮೊದಲ ತಟ್ಟೆಗಳು ಹೊರಗೆ ಜಗಲಿಗೆ ಬಂದಿವೆ, ಬಿಳಿ ಗಾಜಿನೊಳಗೆ ಮದ್ದು ತಿಳಿನೀರಿನ ಹಾಗೆ ಫಳಫಳ ಹೊಳೆಯುತ್ತಿದೆ, ನೋಡಿದರೆ ಕಣ್ಣು ತಣಿಯುವಷ್ಟು ಚೆಂದ, ಯಾರಪ್ಪಾ ಬಿಸಿಲಿಗೆ ಇಟ್ಟವರು, ಒಳಗೆ ಇಡ್ರಿ, ಒಳಗೆ ಇಡ್ರಿ ಇದನ್ನ ಎಂದು ಕೂಗಿದ, ತನ್ನ ದನಿಗೆ ತಾನೇ ಬೆಚ್ಚಿದ, ಇಡ್ತೀವಿ ಸಾಹೇಬ್ರೆ, ಯಾಕ ಹಂಗ ಬೈತೀರಿ ಎಂದು ಮಾರೆಮ್ಮ ಎತ್ತಿಕೊಂಡು ಹೋದಳು. ಹಿತ್ತಲಲ್ಲಿ ಗುಂಡಿ ತೋಡಿಯಾಗಿತ್ತು, ಅವನು ಬರುವ ಮೊದಲೇ ಮಂಡಿಪೇಟೆಯಿಂದ ಇಲ್ಲಿಗೆ ಫೋನು ಬಂದಿರಬೇಕು, ಕಂದು ಆಂಪೂಲುಗಳನ್ನು ಪೆಟ್ಟಿಗೆಯಿಂದ ಸುರುವಿ ಮೇಲೆ ಗೋಣಿಚೀಲ ಹಾಸಿದ್ದರು, ಕರಿಯವ್ವ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ನೆಲ ಗಟ್ಟಿಸುವ ಕಬ್ಬಿಣದ ದಿಮ್ಮಸು ಹಿಡಿದು ಅವನನ್ನೇ ಕಾಯುತ್ತಿದ್ದಳು. ಸಾಹೇಬ್ರೆ, ಮೊಮ್ಮಕ್ಕಳ ಆಟಕ್ಕೆ ಒಂದು ನಾಕು ಇಟ್ಕಳ್ಳೇನ್ರಿ, ಹೊಸಾವು ಅದಾವು. ಬ್ಯಾಡ ಕರಿಯವ್ವ. ಒಂದು? ಒಂದೂ ಬ್ಯಾಡ, ಲೆಕ್ಕ ಐತೆ. ಅವಳು ಅವನ ಮುಖ ನೋಡಿ ಕಾಲಿನಿಂದ ಗೋಣಿ ಸರಿಮಾಡಿದಳು. ಕುಟ್ಟು ಎನ್ನಬೇಕು, ಒಂದೇ ಮಾತು, ಕುಟ್ಟು, ಈ ಮಾತಿಗೂ ಯಾವುದೋ ದೇಶದಲ್ಲಿ ಯಾರೋ ಬರೋಬ್ಬರಿ ಎಂದು ತಲೆದೂಗುತ್ತಾರೆ, ಕುಟ್ಟು ಕರಿಯವ್ವ. ದಿಮ್ಮಸು ಎದ್ದಿತು, ಬಿತ್ತು, ಗೋಣಿಯ ಕೆಳಗೆ ಎಷ್ಟೋ ಆಂಪೂಲುಗಳ ಕತ್ತು ಒಟ್ಟಿಗೇ ಟಕ್ ಎಂದವು, ಮತ್ತೆ ಎದ್ದಿತು, ಮತ್ತೆ ಬಿತ್ತು, ಗೋಣಿಯ ಅಂಚಿನಿಂದ ಒಂದು ಚೂರು ಸಿಡಿದು ಬಂದು ಅವನ ಚಪ್ಪಲಿಯ ಮುಂದೆ ಬಿತ್ತು, ಉಗುರಿನಷ್ಟು ಕಂದು ಚೂರು, ಡೊಂಕಾಗಿ ಬಿದ್ದಿದೆ, ಅದರ ಕೆಳಗೆ ಉಗುರಿನಷ್ಟೇ ಒಂದು ಕಂದು ನೆರಳು, ಸುತ್ತ ಹಿತ್ತಲೆಲ್ಲ ಬಿಳಿ ಬಿಸಿಲು, ಕಲ್ಲಿನ ಮೇಲೆ, ಗುಂಡಿಯ ಮಣ್ಣಿನ ಮೇಲೆ, ಕರಿಯವ್ವನ ತಲೆಯ— ಸಾಹೇಬ್ರೆ, ಇನ್ನೂ ಸಣ್ಣಗ ಮಾಡ್ಬೇಕೇನ್ರಿ — ಹ್ಞೂಂ, ಸಣ್ಣಗೆ, ಉಗುರಿನಷ್ಟು ಚೂರು, ಉಗುರಿನಷ್ಟು ನೆರಳು, ದಿಲ್ಷಾದಳಿಗೆ ಏನು — ದಿಮ್ಮಸು ಬಿತ್ತು, ಇನ್ನೊಂದು ಚೂರು, ಅದರ ಕೆಳಗೂ ನೆರಳು, ಇದ್ರೀಸ್ ಸಾಹೇಬರ — ಇನ್ನೊಂದು, ಚೂರು, ಅದರ ಕೆಳಗೆ ನೆರಳು, ಅಷ್ಟಗಲದಲ್ಲಿ ಮಾತ್ರ ಬಿಸಿಲಿಲ್ಲ, ಅಷ್ಟಗಲದಲ್ಲಿ ಮಾತ್ರ.